ಹೆಸರಿನ ಚಿತ್ರ ಬರೆದ ಊರು

ಮೆಕ್ಸಿಕೋದ ಪುಯೆಬ್ಲಾ ನಗರಕ್ಕೆ ಬಂದ ಮೇಲೆ ನನಗೆ ತುಂಬಾ ಹತ್ತಿರವಾದದ್ದು ಪಕ್ಕದ ವೆಹೊತ್ಸಿಂಗೊ ಎಂಬ ಸಣ್ಣ ಊರು. ಭಾನುವಾರ ಬಸ್ಸು ಹತ್ತಿ ಹೋಗಿ, ಅಲ್ಲಿನ ಹಳೇ ಫ್ರಾನ್ಸಿಸ್ಕನ್ ಮಠದ ಅಂಗಳದಲ್ಲಿ ಕೂತು, ಅದೇ ಊರಿನ 1560ರ ಜನಗಣತಿಯನ್ನು ಮೊಬೈಲಿನಲ್ಲಿ ನೋಡುತ್ತೇನೆ. ಮೂಲ ಪ್ರತಿ ಇರುವುದು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ. ಊರಿನವರ ಹೆಸರು ಊರಲ್ಲೇ ಇಲ್ಲವಲ್ಲ ಅಂತ ಪ್ರತಿ ಸಲ ಬೇಜಾರಾಗುತ್ತದೆ.

ಪುಟದ ತುಂಬಾ ಸಾಲು ಸಾಲು ತಲೆಗಳು. ಒಂದೊಂದು ತಲೆಯ ಪಕ್ಕದಲ್ಲೂ ಆ ಮನುಷ್ಯನ ಹೆಸರಿನ ಪುಟ್ಟ ಚಿತ್ರ. ಅಲ್ಲಿನ ಜನರ ನಾವಾತ್ಲ್ ಭಾಷೆಯಲ್ಲಿ, ಹದ್ದು ಇದ್ದರೆ ಅವನು ಕ್ವಾವ್ತ್ಲಿ, ಮಳೆ ಹನಿ ಇದ್ದರೆ ಕಿಯಾವಿತ್ಲ್. ಜೊತೆಗೆ ಲ್ಯಾಟಿನ್ ಅಕ್ಷರದಲ್ಲೂ ಹೆಸರಿದೆ. ಹೀಗೆ ಸಾವಿರಾರು ಜನ! ಸ್ಪೇನಿನವರು ಅಜ್ಟೆಕರ ರಾಜಧಾನಿ ಗೆದ್ದು ಆಗಲೇ 39 ವರ್ಷ ಕಳೆದಿತ್ತು, ಪಾದ್ರಿಗಳು ಕೊಟ್ಟ ಹ್ವಾನ್, ಪೆದ್ರೋ ಎಂಬ ಹೆಸರುಗಳೇ ಎಲ್ಲೆಲ್ಲೂ ಇದ್ದವು. ಆದರೆ ಚಿತ್ರ ಹೆಚ್ಚಾಗಿ ಅವರ ಸ್ವಂತ ನಾವಾತ್ಲ್ ಹೆಸರಿಗೇ. ಇಷ್ಟೊಂದು ಹ್ವಾನ್‌ಗಳಲ್ಲಿ ಯಾವ ಹ್ವಾನ್ ಅಂತ ಗೊತ್ತಾಗಬೇಕಲ್ವಾ?

ಹೊರಗಿನವರ ಹೆಸರಿಗೆ ಸದ್ದು ಹಿಡಿದು ಚಿತ್ರ ಕೂಡಿಸುತ್ತಿದ್ದರು. ಮೊದಲ ವೈಸರಾಯ್ ಮೆಂದೋಸಾನನ್ನೇ ತಗೊಳ್ಳಿ. ನಾವಾತ್ಲ್ ಭಾಷೆಯಲ್ಲಿ ಕತ್ತಾಳೆಗೆ ಮೆತ್ಲ್ ಅನ್ನುತ್ತಾರೆ, ಬಿಲ ತೋಡುವ ಒಂದು ಜಾತಿಯ ಇಲಿಗೆ ತೋಸಾನ್. ಆ ಕಾಲದ ಇನ್ನೊಂದು ಹಸ್ತಪ್ರತಿಯಲ್ಲಿ ಅವನ ಹೆಸರಿಗೆ ಕತ್ತಾಳೆ ಮತ್ತು ಆ ಇಲಿ ಇವೆ. ಮೆ, ತೋಸಾ: ಮೆಂದೋಸಾ! ಮೊದಲ ಸಲ ಇದು ಹೊಳೆದಾಗ ಒಬ್ಬನೇ ಜೋರಾಗಿ ಓದಿಬಿಟ್ಟೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಒಂದು ಪದ. ಇಲ್ಲಿನ ಸ್ಪ್ಯಾನಿಷ್ ಕ್ಲಾಸಿನಲ್ಲಿ ನಾನು 'ಚಿತ್ರ ಬರೆದೆ' ಅಂತ ಹೇಳಿದಾಗ ಟೀಚರ್ ತಿದ್ದಿದ್ದರು, ಬರೆಯುವುದು ಅಕ್ಷರವನ್ನು, ಚಿತ್ರಕ್ಕೆ ಬೇರೆ ಕ್ರಿಯಾಪದ ಬೇಕು ಅಂತ. ನಾವಾತ್ಲ್‌ನಲ್ಲಿ ಹಾಗಿಲ್ಲ. ಇಕ್ವಿಲೋವಾ ಅಂದರೆ ಬರೆಯುವುದೂ ಹೌದು, ಚಿತ್ರ ಬಿಡಿಸುವುದೂ ಹೌದು. ಈ ಕೆಲಸ ಮಾಡುವವನು ತ್ಲಾಕ್ವಿಲೋ. ನಮ್ಮಲ್ಲೂ ಹಾಗೇ ಅಲ್ವಾ, ಪತ್ರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಇಷ್ಟು ದೂರದ ಭಾಷೆಯಲ್ಲಿ ಮನೆಯ ಮಾತು ಸಿಕ್ಕ ಹಾಗಾಯಿತು.

ಹೋದ ವಾರ ಫೋನಿನಲ್ಲಿ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅಮ್ಮನ ಹೆಸರು ಕಮಲ. "ಹಾಗಾದ್ರೆ ನನ್ನ ತಲೆ ಪಕ್ಕ ಒಂದು ತಾವರೆ ಬರಿ" ಅಂದರು. ಬರೆದು ಕಳಿಸಿದ್ದೇನೆ.