ಹಿತ್ತಾಳೆಗೂ ಉಕ್ಕಿಗೂ ಆಗಿಬರುವುದಿಲ್ಲವೇ?

"ಹಿತ್ತಾಳೆಗೂ ಉಕ್ಕಿಗೂ ಆಗಿಬರುವುದಿಲ್ಲವಂತೆ, ಬ್ರೇಜಿಂಗ್ (ಲೋಹಗಳನ್ನು ಕರಗಿಸದೆ, ನಡುವೆ ಬೇರೆ ಲೋಹದ ಕಡ್ಡಿ ಕರಗಿಸಿ ಬೆಸೆಯುವುದು) ಮಾಡಿದರೂ ಬಿಟ್ಟುಬಿಡುತ್ತದಂತೆ, ಹೌದೇ?" ಎಂದು ಕೇಳುವವರಿಗೆಲ್ಲ ನನ್ನ ಉತ್ತರ ಒಂದೇ: ಇಲ್ಲ. ಬೆಳ್ಳಿ ಬೆರೆತ ಬೆಸುಗೆ ಕಡ್ಡಿ ಎರಡನ್ನೂ ಚೆನ್ನಾಗಿ ಹಿಡಿಯುತ್ತದೆ. ತಪ್ಪನ್ನು ಲೋಹಗಳ ಮೇಲೆ ಹೊರಿಸುವುದನ್ನು ದಯವಿಟ್ಟು ನಿಲ್ಲಿಸಿ.

ಒಮ್ಮೆ ಒಬ್ಬರು ಉಕ್ಕಿನ ಕೊಳವೆಯ ಮೇಲೆ ಹಿತ್ತಾಳೆಯ ತೋಳು (ಹೊರಗಿನಿಂದ ಕವಿಯುವ ಕಿರು ಕೊಳವೆ) ಕೂರಿಸಿ ಬೆಸೆದದ್ದನ್ನು ತಂದುಕೊಟ್ಟು ಇದೇ ಪ್ರಶ್ನೆ ಕೇಳಿದರು. ಹೊರಗಿನಿಂದ ನೋಡಿದರೆ ಸುತ್ತಲೂ ನಯವಾಗಿ ತುಂಬಿದ ಬೆಸುಗೆ. ಸಣ್ಣ ಸುತ್ತಿಗೆಯಿಂದ ಒಂದು ಪೆಟ್ಟು ತಾಗಿಸಿದೊಡನೆ ಬೆಸುಗೆಯ ಸಮೇತ ಹಿತ್ತಾಳೆ ಕಳಚಿ ಬಿದ್ದಿತು. ಅವರು ಬಳಸಿದ್ದು ತಾಮ್ರದ ಕೊಳವೆಗಳಿಗೆ ಬಳಸುವ ರಂಜಕ (ಫಾಸ್ಫರಸ್) ಬೆರೆತ ತಾಮ್ರದ ಕಡ್ಡಿ. ತಾಮ್ರಕ್ಕೆ ತಾಮ್ರ ಸೇರಿಸುವಾಗ ಅದಕ್ಕೆ ಫ್ಲಕ್ಸ್ (ಕಾದ ಲೋಹಕ್ಕೆ ಕಿಟ್ಟ ಕಟ್ಟದಂತೆ ಬಳಿಯುವ ಲೇಪ) ಕೂಡ ಬೇಡ. ಆದರೆ ಉಕ್ಕಿನ ಮೇಲೆ ಅದೇ ರಂಜಕ ಕಬ್ಬಿಣದೊಂದಿಗೆ ಕೂಡಿ, ಬಳಪದಂತೆ ಮುರಿಯುವ ಫಾಸ್ಫೈಡ್ ಪದರವಾಗುತ್ತದೆ. ಇದು ಕೈಚಳಕದಿಂದ ಸರಿಹೋಗುವ ದೋಷವಲ್ಲ.

"ಯಾವ ಕಡ್ಡಿ ಒಳ್ಳೆಯದು?" ಎಂಬುದಕ್ಕಿಂತ, "ಬಿಟ್ಟ ಮೇಲೆ ಬೆಸುಗೆ ಯಾವ ಮೈಯಲ್ಲಿ ಉಳಿದಿದೆ?" ಎಂದು ಯಾರಾದರೂ ಕೇಳಲಿ ಎಂದು ನಾನು ಕಾಯುತ್ತಿದ್ದೇನೆ. ಉಕ್ಕಿನ ಮೈ ಕಪ್ಪಗೆ, ಬೋಳಾಗಿ ಉಳಿದಿದ್ದರೆ ಅಲ್ಲಿ ಎಣ್ಣೆಯೋ ಕಿಟ್ಟವೋ ಇತ್ತು, ಇಲ್ಲವೇ ಬಹಳ ಹೊತ್ತು ಕಾಯಿಸಿ ಫ್ಲಕ್ಸ್ ಸತ್ತುಹೋಗಿತ್ತು. ಬೆಸುಗೆ ಮಣಿಮಣಿಯಾಗಿ ನಿಂತಿದ್ದರೆ ಜ್ವಾಲೆಯನ್ನು ಕಡ್ಡಿಗೆ ಹಿಡಿದಿದ್ದಾರೆ, ಲೋಹ ಕಾದಿರಲಿಲ್ಲ. ತೆಳುವಾದ ಹಿತ್ತಾಳೆ ಬೇಗ ಕಾದು ದಪ್ಪ ಉಕ್ಕು ಹಿಂದೆ ಬಿದ್ದರೆ, ಕರಗಿದ ಬೆಸುಗೆ ಕಾದ ಕಡೆಗೇ ಹರಿಯುತ್ತದೆ. ಆಗ ಅವಸರಪಟ್ಟು ಜ್ವಾಲೆ ಹೆಚ್ಚಿಸಿದರೆ ಹಿತ್ತಾಳೆಯಿಂದ ಬಿಳಿ ಹೊಗೆ ಏಳುತ್ತದೆ. ಹಿತ್ತಾಳೆಯಲ್ಲಿ ತಾಮ್ರದ ಜೊತೆ ಬೆರೆತಿರುವ ಸತುವು ಕುದಿಯುವುದು 907 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹಿತ್ತಾಳೆ ಕರಗತೊಡಗುವುದೂ ಅದರ ಆಸುಪಾಸಿನಲ್ಲೇ. ಶೇ. 56 ಬೆಳ್ಳಿಯ ಕಡ್ಡಿಯಾದರೋ 650 ಡಿಗ್ರಿಯ ಹೊತ್ತಿಗೆ ಪೂರ್ತಿ ನೀರಾಗಿರುತ್ತದೆ. ಅಷ್ಟು ಅಂತರವಿರುವಾಗ ಹಿತ್ತಾಳೆಯನ್ನು ಸುಡುವ ಅಗತ್ಯವೇ ಇಲ್ಲ.

ಯಾರೂ ಕೇಳದ ಇನ್ನೊಂದು ಸಂಗತಿ ಎರಡು ಲೋಹಗಳ ನಡುವಿನ ಸಂದಿನದು. ಕಾದಾಗ ಹಿತ್ತಾಳೆ ಉಕ್ಕಿಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. 25 ಮಿ.ಮೀ. ವ್ಯಾಸದ ಜೋಡಣೆಯನ್ನು 600 ಡಿಗ್ರಿಯಷ್ಟು ಕಾಯಿಸಿದರೆ ಎರಡರ ವ್ಯಾಸದ ನಡುವಿನ ಅಂತರ ಸುಮಾರು 0.1 ಮಿ.ಮೀ. ಬದಲಾಗುತ್ತದೆ. ಹಿತ್ತಾಳೆ ಹೊರಗಿದ್ದರೆ ಸಂದು ಅಗಲವಾಗುತ್ತದೆ, ಒಳಗಿದ್ದರೆ ಬೆಸುಗೆ ನುಗ್ಗಲು ಜಾಗವೇ ಇಲ್ಲದಂತೆ ಮುಚ್ಚಿಕೊಳ್ಳುತ್ತದೆ. ಬೆಸುಗೆ ತಾನಾಗಿ ಒಳಗೆ ಎಳೆದುಕೊಳ್ಳಲು ಕಾದ ಸ್ಥಿತಿಯಲ್ಲಿ ಒಂದೊಂದು ಬದಿಗೆ 0.05ರಿಂದ 0.12 ಮಿ.ಮೀ. ಸಂದು ಬೇಕು.

ಆ ಕೊಳವೆಯ ಉಕ್ಕನ್ನು ಹೊಳಪು ಬರುವವರೆಗೆ ಅರದಿಂದ ಉಜ್ಜಿ, ಆ ಅಳತೆಗೆ ಹೊಸ ತೋಳು ಕಡೆದು, ಎರಡಕ್ಕೂ ಫ್ಲಕ್ಸ್ ಬಳಿದೆವು. ಉಕ್ಕನ್ನೇ ಮೊದಲು ಕಾಯಿಸಿ, ಫ್ಲಕ್ಸ್ ತಿಳಿಯಾದ ಮೇಲೆ ಬೆಳ್ಳಿ ಕಡ್ಡಿ ತಾಗಿಸಿದೆವು. ತಣಿದ ಮೇಲೆ ಅದೇ ಸುತ್ತಿಗೆಯಿಂದ ಬಲವಾಗಿ ಹೊಡೆದಾಗ ಹಿತ್ತಾಳೆ ನಗ್ಗಿತು, ಬೆಸುಗೆ ಬಿಡಲಿಲ್ಲ.