ಕಿಮೇರಾ ಲಾಗ್, ಕೊನೆಯ ಕಂತು: ಎಂಜಿನ್ ಸರಿಹೋಯಿತು, ಚಾಸಿ ಕೈಕೊಟ್ಟಿತು

ಟಿವಿಆರ್ ಕಂಪನಿಯ ಸ್ಪೋರ್ಟ್ಸ್ ಕಾರು ಕಿಮೇರಾ, 4.0 ಲೀಟರ್ ರೋವರ್ ವಿ8 ಎಂಜಿನ್. ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನಲ್ಲಿ 1992ರಿಂದ 2003ರವರೆಗೆ ತಯಾರಾದ ಮಾದರಿ. ಎಬಿಎಸ್ ಇಲ್ಲ, ಏರ್‌ಬ್ಯಾಗ್ ಇಲ್ಲ, ಮೈಯೆಲ್ಲ ಫೈಬರ್‌ಗ್ಲಾಸ್. ಇಷ್ಟು ನೇರವಾಗಿ ಕೈಗೆ ಮಾತಾಡುವ ಕಾರುಗಳು ಕಡಿಮೆ. ಆದರೂ ಇದನ್ನು ರಸ್ತೆಗಿಳಿಸುವ ಕೆಲಸ ಇಲ್ಲಿಗೆ ನಿಂತಿದೆ. ಮುಂದೆ ಕೈಗೆತ್ತಿಕೊಳ್ಳುವವರಿಗೆ ಬೇಕಾದ ವಿವರ ಇದು.

ಬಿಸಿಯಾದ ಮೇಲೆ ಸ್ಟಾರ್ಟ್ ಆಗದ್ದು

ತಣ್ಣಗಿದ್ದಾಗ ಒಂದೇ ಸಲಕ್ಕೆ ಸ್ಟಾರ್ಟ್. ಅರ್ಧ ಗಂಟೆ ಓಡಿಸಿ ನಿಲ್ಲಿಸಿದರೆ ಬರೀ ‘ಟಕ್’ ಸದ್ದು. ಸ್ಟಾರ್ಟರ್ ಬಿಚ್ಚುವ ಮುಂಚೆ ಅದರ ಸೊಲೆನಾಯ್ಡ್ (ಸ್ಟಾರ್ಟರನ್ನು ಚಾಲೂ ಮಾಡುವ ತಾಮ್ರದ ಸುರುಳಿಯ ಸ್ವಿಚ್) ಟರ್ಮಿನಲ್‌ನಲ್ಲಿ ಮೀಟರ್ ಇಟ್ಟು ನೋಡಬೇಕು. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇ. 0.4ರಷ್ಟು ಏರುತ್ತದೆ. ಎಕ್ಸಾಸ್ಟ್ ಬಿಸಿಗೆ ಸುರುಳಿ 20ರಿಂದ 100 ಡಿಗ್ರಿಗೆ ಹೋದರೆ ರೋಧ ಶೇ. 30ರಷ್ಟು ಹೆಚ್ಚಾಯಿತು ಎಂದೇ ಲೆಕ್ಕ; ಕರೆಂಟ್ ಕಡಿಮೆಯಾಗಿ ಸೊಲೆನಾಯ್ಡ್ ಎಳೆಯುವ ಬಲ ಕುಂದುತ್ತದೆ. ಅದಕ್ಕೆ ಬರುವ ಕರೆಂಟೋ ಇಗ್ನಿಷನ್ ಸ್ವಿಚ್, ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಎಲ್ಲ ಸುತ್ತಿ ತೆಳು ವೈರ್‌ನಲ್ಲಿ ಬರುತ್ತದೆ. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ 40 ಆಂಪ್ ರಿಲೇ ಒಂದು ಸಾಕಾಯಿತು (30, 85, 86, 87 ಅದರ ಪಿನ್ ಸಂಖ್ಯೆಗಳು): ಹಳೆಯ ಸೊಲೆನಾಯ್ಡ್ ವೈರ್ 86ಕ್ಕೆ, 85 ಅರ್ತ್‌ಗೆ, ಬ್ಯಾಟರಿಯಿಂದ ಫ್ಯೂಸ್ ದಾಟಿ 30ಕ್ಕೆ, 87ರಿಂದ 4 ಚದರ ಮಿ.ಮೀ. ವೈರ್ ಸೊಲೆನಾಯ್ಡ್‌ಗೆ. ಇಮ್ಮೊಬಿಲೈಸರ್ ಮೊದಲಿನಂತೆಯೇ ಕೆಲಸ ಮಾಡುತ್ತದೆ.

ಮಿಸ್‌ಫೈರ್, ಕಪ್ಪು ಹೊಗೆ

ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್ ಹೊತ್ತಿಕೊಳ್ಳುವ ಸರದಿ, 1-8-4-3-6-5-7-2. 5 ಮತ್ತು 7 ಅಕ್ಕಪಕ್ಕದ ಸಿಲಿಂಡರ್‌ಗಳು, ಹೊತ್ತಿಕೊಳ್ಳುವುದೂ ಒಂದರ ಹಿಂದೆ ಒಂದು. ಆ ಎರಡು ಪ್ಲಗ್ ಲೀಡ್‌ಗಳು ಜೊತೆಯಾಗಿ ಮಲಗಿದ್ದರೆ ಒಂದರ ಕಿಡಿ ಇನ್ನೊಂದಕ್ಕೆ ಹಾರುತ್ತದೆ. ಬಿಡಿಸಿ ದೂರ ಕಟ್ಟಿದ್ದಾಯಿತು, ಮ್ಯಾನಿಫೋಲ್ಡ್ ಹತ್ತಿರ ಶಾಖ ತಡೆಯುವ ಕವಚ ಹಾಕಿದ್ದಾಯಿತು. ಕಪ್ಪು ಹೊಗೆಗೆ ಕಾರಣ ಲ್ಯೂಕಾಸ್ 14ಸಿಯುಎಕ್ಸ್ ಇಸಿಯು (ಪೆಟ್ರೋಲ್ ಅಳೆದು ಬಿಡುವ ಕಂಪ್ಯೂಟರ್) ಅಲ್ಲ, ಅದಕ್ಕೆ ಸುಳ್ಳು ಹೇಳುತ್ತಿದ್ದ ಕೂಲಂಟ್ ಸೆನ್ಸರ್ (ಎಂಜಿನ್ ನೀರಿನ ಬಿಸಿ ಅಳೆಯುವುದು). ಅದು 20 ಡಿಗ್ರಿಯಲ್ಲಿ ಸುಮಾರು 2,500 ಓಮ್, 80ರಲ್ಲಿ 300ರಿಂದ 360 ಓಮ್ ತೋರಿಸಬೇಕು. ಬಿಸಿಯಾದ ಮೇಲೂ ಸಾವಿರ ದಾಟಿದ್ದರೆ ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಇಸಿಯು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.

ಇಲ್ಲಿಯವರೆಗಿನದು ಗ್ಯಾರೇಜ್ ಮೂಲೆಯಲ್ಲಿ ಮುಗಿಯುವ ಕೆಲಸ.

ಔಟ್‌ರಿಗರ್

ನಡುವೆ ಕಬ್ಬಿಣದ ಕೊಳವೆಗಳ ಬೆನ್ನೆಲುಬು, ಎರಡೂ ಪಕ್ಕಕ್ಕೆ ಚಾಚಿಕೊಂಡ ಔಟ್‌ರಿಗರ್‌ಗಳು, ಅವುಗಳ ಮೇಲೆ ಬಾಡಿ. ಮೇಲಿನ ಪೌಡರ್ ಕೋಟಿಂಗ್‌ಗೆ ಕಲ್ಲು ಬಡಿದು ಒಂದು ಕಡೆ ಸೀಳಿದರೂ ಸಾಕು, ನೀರು ಅದರಡಿಯಲ್ಲೇ ಹರಿದಾಡುತ್ತದೆ. ಹೊರಗಿನಿಂದ ನುಣುಪಾದ ಕಪ್ಪು ಬಣ್ಣ. ಹೆಬ್ಬೆರಳಲ್ಲಿ ಒತ್ತಿದರೆ ಹಪ್ಪಳದಂತೆ ಒಡೆದು, ಒಳಗಿನಿಂದ ತುಕ್ಕು ಪದರು ಪದರಾಗಿ ಉದುರುತ್ತದೆ. ಎಡಗಡೆಯ ಹಿಂದಿನ ಮೂಲೆಯಲ್ಲಿ ಸ್ಕ್ರೂಡ್ರೈವರ್ ತೂರಿಹೋಯಿತು. ಬಾಡಿಗೆ ಅಂಟಿಕೊಂಡಿರುವ ಮೇಲ್ಮೈ ಕಣ್ಣಿಗೇ ಬೀಳುವುದಿಲ್ಲ. ಸಣ್ಣ ಕನ್ನಡಿ, ಟಾರ್ಚ್ ಇಟ್ಟು ನೋಡಿದರೆ ಅಲ್ಲಿನ ಸ್ಥಿತಿ ಇನ್ನೂ ಕೆಟ್ಟದು.

ಸೀಟ್ ಬೆಲ್ಟಿನ ಬೋಲ್ಟ್ ಕೂರುವುದೂ ಈ ಔಟ್‌ರಿಗರ್ ಮೇಲೆಯೇ. ಬೆಲ್ಟ್ ಬೋಲ್ಟ್ ಕೂರುವ ಜಾಗದಿಂದ 30 ಸೆಂ.ಮೀ. ಒಳಗೆ ಚಾಸಿ ಬಲ ಕುಂದುವಷ್ಟು ತುಕ್ಕು ಹಿಡಿದಿದ್ದರೆ ಬ್ರಿಟನ್‌ನ ಎಂಒಟಿ ಎಂಬ ವಾಹನ ಸುರಕ್ಷತಾ ಪರೀಕ್ಷೆಯಲ್ಲಿ ಫೇಲ್. ಆ ನಿಯಮ ಸರಿಯಾಗಿಯೇ ಇದೆ. ಮೇಲೊಂದು ತಗಡು ಬೆಸೆದು ಬಣ್ಣ ಬಳಿಯುವ ಕೆಲಸವನ್ನು ಇಲ್ಲಿ ಯಾರೂ ಮಾಡಬಾರದು: ಬೆಸುಗೆಯ ಕಾವಿಗೆ ಪಕ್ಕದ ಫೈಬರ್‌ಗ್ಲಾಸ್ ಹೊತ್ತಿಕೊಳ್ಳುತ್ತದೆ, ತುಕ್ಕು ತಿಂದು ಗೋಡೆ ಒಂದು ಮಿ.ಮೀ.ಗಿಂತ ತೆಳುವಾದ ಕೊಳವೆ ಮಿಗ್ ವೆಲ್ಡಿಂಗಿನ ಆರ್ಕ್‌ಗೆ ಕರಗಿ ತೂತಾಗುತ್ತದೆ.

ಸರಿಯಾದ ದಾರಿ ಬಾಡಿ ಎತ್ತುವುದು. ಸೀಟು, ಕಾರ್ಪೆಟ್, ಸ್ಟೀರಿಂಗ್ ಜಾಯಿಂಟ್, ಹ್ಯಾಂಡ್‌ಬ್ರೇಕ್ ಕೇಬಲ್, ವೈರಿಂಗ್, ಹೀಟರ್ ಹೋಸ್ ಎಲ್ಲ ಬಿಚ್ಚಬೇಕು. ತುಕ್ಕಿನಲ್ಲಿ ಕಚ್ಚಿಕೊಂಡ ಬೆಲ್ಟ್ ಬೋಲ್ಟ್‌ಗಳಿಗೆ ವಾರ ಮುಂಚಿನಿಂದಲೇ ಪೆನೆಟ್ರೇಟಿಂಗ್ ಎಣ್ಣೆ ಹಾಕುತ್ತಿರಬೇಕು. ಚಾಸಿಯ ಮೇಲೆ ಹಾಯುವ ಬ್ರೇಕ್, ಪೆಟ್ರೋಲ್ ಪೈಪ್‌ಗಳನ್ನು ಆಗಲೇ ಬದಲಿಸಿಬಿಡುವುದು ಒಳ್ಳೆಯದು. ಕೊಳೆತ ಭಾಗವನ್ನು ಗಟ್ಟಿ ಕಬ್ಬಿಣ ಸಿಗುವವರೆಗೆ ಕತ್ತರಿಸಿ, ಕರ್ಣದ ಅಳತೆ ಸರಿನೋಡಿ, ಸುತ್ತಲೂ ಪೂರ್ತಿ ಬೆಸೆಯಬೇಕು. ಮತ್ತೆ ಪೌಡರ್ ಕೋಟಿಂಗ್ ಬೇಡ, ಬ್ಲಾಸ್ಟ್ ಮಾಡಿಸಿ (ಕಣಗಳನ್ನು ರಭಸದಿಂದ ಚಿಮ್ಮಿಸಿ ತುಕ್ಕು ತೆಗೆಸಿ) ಎಪಾಕ್ಸಿ ಪೇಂಟ್ ಹೊಡೆಯುವುದು ಮೇಲು.

ಇದಕ್ಕೆ ಎತ್ತರದ ಸೂರು, ಬಾಡಿಯನ್ನು ತಿಂಗಳುಗಟ್ಟಲೆ ಬೇರೆ ಇಡುವ ಜಾಗ, ಒಳ್ಳೆಯ ವೆಲ್ಡರ್ ಬೇಕು. ಮೂರೂ ಇಲ್ಲಿಲ್ಲ. ಬಾಡಿ ಒಂದು ಕಡೆ, ಚಾಸಿ ಇನ್ನೊಂದು ಕಡೆ ಬಿದ್ದ ಅರ್ಧಂಬರ್ಧ ಕಾರಿಗೆ ಮರುಹುಟ್ಟು ಬಲು ಅಪರೂಪ. ಅದಕ್ಕೇ ಬಾಡಿಯ ಒಂದು ಬೋಲ್ಟನ್ನೂ ಬಿಚ್ಚದೆ ಈಗಲೇ ಬಿಟ್ಟುಕೊಡುವ ತೀರ್ಮಾನ.

ಕೊಂಡೊಯ್ಯುವವರಿಗೆ

ತೂತಿನ ಫೋಟೊ, ರಿಲೇ ವೈರಿಂಗ್ ಚಿತ್ರ, ಸೆನ್ಸರ್ ಅಳತೆಗಳು ಫೈಲಿನಲ್ಲಿವೆ. ಕಾರು ರಸ್ತೆಯಲ್ಲಿ ಓಡುತ್ತಿಲ್ಲ ಎಂದು ಬ್ರಿಟನ್‌ನಲ್ಲಿ ಕೊಡುವ ಸೋರ್ನ್ ಘೋಷಣೆ ಹೊಸ ಹೆಸರಿಗೆ ವರ್ಗವಾಗುವುದಿಲ್ಲ, ಹೊಸದಾಗಿ ಮಾಡಿಸಬೇಕು. ಟ್ರೇಲರ್‌ನಲ್ಲಿ ಪಟ್ಟಿಯನ್ನು ಚಕ್ರಗಳಿಗೇ ಬಿಗಿಯಿರಿ, ಔಟ್‌ರಿಗರ್‌ಗೆ ಖಂಡಿತ ಬೇಡ. ಇನ್ನೊಂದು: ಬಾಗಿಲಿಗೆ ಹೊರಗೆ ಹಿಡಿಯೇ ಇಲ್ಲ, ಬಾಗಿಲ ಪಕ್ಕದ ಕನ್ನಡಿಯ ಕೆಳಗಿನ ಗುಂಡಿ ಒತ್ತಿದರೆ ಕರೆಂಟಿನಿಂದ ತೆರೆಯುತ್ತದೆ. ಬ್ಯಾಟರಿ ಕಳಚುವ ಮುಂಚೆ ಒಂದು ಕಿಟಕಿಯ ಗಾಜು ಇಳಿಸಿಡಿ.