ಮ್ಯಾಂಗನೀಸ್ ಲೇಖನ: ಇಲ್ಲಿಯವರೆಗೆ ಆದ ಕೆಲಸ

ಮುಕ್ತ ವಿಶ್ವಕೋಶದಲ್ಲಿ ನಾನು ಕೈಗೆತ್ತಿಕೊಂಡಿರುವ ಮ್ಯಾಂಗನೀಸ್ ಲೇಖನ ಈಗ ಒಂದು ಹದಕ್ಕೆ ಬಂದಿದೆ. ಶುರು ಮಾಡಿದಾಗ ಅದು ಬರೀ ಚುಟುಕು. ಪರಮಾಣು ಸಂಖ್ಯೆ 25, ಬೂದು ಬಣ್ಣದ ಗಡಸು ಲೋಹ, ಉಕ್ಕಿಗೆ ಬಳಸುತ್ತಾರೆ, ಸ್ವೀಡನ್ನಿನ ಯೋಹಾನ್ ಗಾನ್ 1774ರಲ್ಲಿ ಬೇರ್ಪಡಿಸಿದರು. ಅಷ್ಟೇ. ಆದರೆ ಯಾವ ಸಾಲೂ "ಯಾಕೆ" ಅನ್ನುವ ಪ್ರಶ್ನೆಗೆ ಉತ್ತರ ಕೊಡುತ್ತಿರಲಿಲ್ಲ. ಉಕ್ಕಿಗೆ ಇದು ಯಾಕೆ ಬೇಕು? ಸಂಡೂರಿನ ಗುಡ್ಡದಲ್ಲಿ ಯಾಕೆ ಸಿಗುತ್ತದೆ? ಹೈಸ್ಕೂಲ್ ಹುಡುಗಿಯೊಬ್ಬಳು ಪ್ರಾಜೆಕ್ಟ್‌ಗೆಂದು ಈ ಪುಟ ತೆರೆದರೆ ಅವಳಿಗೆ ಬೇಕಾಗಿರುವುದು ಅದೇ ಅಲ್ವಾ? ಹಾಗಾಗಿ ಸೇರಿಸುವ ಪ್ರತಿ ಭಾಗವೂ ಒಂದಾದರೂ "ಯಾಕೆ"ಗೆ ಉತ್ತರ ಹೇಳಬೇಕು ಅಂತ ಇಟ್ಟುಕೊಂಡೆ.

ಮಾಹಿತಿಚೌಕ

ಲೇಖನದ ಬದಿಯಲ್ಲಿ ಮುಖ್ಯ ಅಂಕಿಅಂಶ ತೋರಿಸುವ ಚೌಕ ಇದು. ಬೇಗ ಮುಗಿಯಿತು. ಕರಗುವ ಬಿಂದು 1246 ಡಿಗ್ರಿ ಸೆಲ್ಸಿಯಸ್, ಕುದಿಯುವ ಬಿಂದು 2061. ಸ್ಥಿರ ಐಸೋಟೋಪ್ ಒಂದೇ, ಮ್ಯಾಂಗನೀಸ್-55.

ಉಕ್ಕಿನ ಭಾಗ

ಜಗತ್ತಿನಲ್ಲಿ ತೆಗೆಯುವ ಮ್ಯಾಂಗನೀಸ್‌ನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಉಕ್ಕಿಗೇ ಹೋಗುತ್ತದೆ. ಹಳೆಯ ಲೇಖನದಲ್ಲಿ ಇದಕ್ಕೆ ಕೊಟ್ಟಿದ್ದ ಜಾಗ ಅರ್ಧ ಸಾಲು. ಆದ್ದರಿಂದ ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೂತದ್ದು ಇಲ್ಲಿ.

ವಿಷಯ ಇಷ್ಟು. ಅದಿರು ಮತ್ತು ಕುಲುಮೆಗೆ ಹಾಕುವ ಕಲ್ಲಿದ್ದಲಿನ ಕೋಕ್‌ನಿಂದ ಸ್ವಲ್ಪ ಗಂಧಕ ಉಕ್ಕಿಗೆ ಸೇರಿಬಿಡುತ್ತದೆ. ಅದು ಕಬ್ಬಿಣದ ಜೊತೆ ಕೂಡಿ ಐರನ್ ಸಲ್ಫೈಡ್ ಆಗುತ್ತದೆ. ಉಕ್ಕು ಗಟ್ಟಿಯಾಗುವಾಗ ಈ ಸಲ್ಫೈಡ್ ಹರಳುಗಳ ಅಂಚಿನಲ್ಲಿ ತೆಳ್ಳಗೆ ಹರಡಿಕೊಳ್ಳುತ್ತದೆ. ಮುಂದೆ ಅದೇ ಉಕ್ಕನ್ನು ಕೆಂಪಗೆ ಕಾಯಿಸಿ ಬಡಿದರೆ ಅಥವಾ ರೋಲಿಂಗ್‌ಗೆ ಕೊಟ್ಟರೆ ಮೊದಲು ಕರಗುವುದು ಈ ಪದರವೇ. ಉಕ್ಕು ಬಿರುಕು ಬಿಡುತ್ತದೆ. ಮ್ಯಾಂಗನೀಸ್ ಹಾಕಿದರೆ ಗಂಧಕ ಕಬ್ಬಿಣವನ್ನು ಬಿಟ್ಟು ಇದರ ಜೊತೆ ಸೇರುತ್ತದೆ. ಮ್ಯಾಂಗನೀಸ್ ಸಲ್ಫೈಡ್ ಅಷ್ಟು ಸುಲಭವಾಗಿ ಕರಗುವುದಿಲ್ಲ. ಅಂಚಿನಲ್ಲಿ ಹರಡದೆ ಬಿಡಿ ಕಣಗಳಾಗಿ ಉಳಿಯುತ್ತದೆ. ಉಕ್ಕು ಬಡಿತ ತಡೆಯುತ್ತದೆ. ಕರಗಿದ ಉಕ್ಕಿನಲ್ಲಿ ಉಳಿದ ಆಮ್ಲಜನಕವನ್ನೂ ಮ್ಯಾಂಗನೀಸ್ ಎಳೆದುಕೊಳ್ಳುತ್ತದೆ.

ಇದನ್ನು ಬರೆದ ಮೇಲೆ ಇತಿಹಾಸ ತಾನಾಗಿಯೇ ಬಂದು ಕೂತಿತು. 1856ರಲ್ಲಿ ಹೆನ್ರಿ ಬೆಸೆಮರ್ ಗಾಳಿ ಊದಿ ಉಕ್ಕು ಮಾಡುವ ವಿಧಾನ ತಂದರು. ಆದರೆ ಬಂದ ಉಕ್ಕು ಎಷ್ಟೋ ಸಲ ಒಡೆದುಹೋಗುತ್ತಿತ್ತು. ರಾಬರ್ಟ್ ಮುಶೆಟ್ ಅದಕ್ಕೆ ಸ್ಪೀಗೆಲೈಸನ್ ಎಂಬ ಮ್ಯಾಂಗನೀಸ್ ತುಂಬಿದ ಬೀಡುಕಬ್ಬಿಣ ಸೇರಿಸಿ ದಾರಿ ಮಾಡಿದರು. ಬೆಸೆಮರ್ ಹೆಸರು ಎಲ್ಲ ಪಠ್ಯಪುಸ್ತಕದಲ್ಲೂ ಇದೆ, ಮುಶೆಟ್ ಹೆಸರು ಕನ್ನಡದಲ್ಲಿ ಕಾಣುವುದೇ ಅಪರೂಪ. ಲೇಖನದಲ್ಲಿ ಇಬ್ಬರನ್ನೂ ಒಂದೇ ಪ್ಯಾರಾದಲ್ಲಿ ಇಟ್ಟಿದ್ದೇನೆ.

ಆಮೇಲೆ ಹ್ಯಾಡ್‌ಫೀಲ್ಡ್ ಉಕ್ಕು. 1882ರಲ್ಲಿ ರಾಬರ್ಟ್ ಹ್ಯಾಡ್‌ಫೀಲ್ಡ್ ಸುಮಾರು 12-13 ಶೇಕಡಾ ಮ್ಯಾಂಗನೀಸ್ ಇರುವ ಉಕ್ಕು ಮಾಡಿದರು. ಏಟು ಬಿದ್ದಷ್ಟೂ ಇದರ ಮೇಲ್ಮೈ ಗಟ್ಟಿಯಾಗುತ್ತದೆ, ಒಳಗೆ ಜಿಗುಟಾಗಿಯೇ ಇರುತ್ತದೆ. ಅಯಸ್ಕಾಂತಕ್ಕೆ ಅಂಟುವುದಿಲ್ಲ. ರೈಲು ಹಳಿ ಕವಲೊಡೆಯುವ ಕಡೆ ಚಕ್ರ ಹಳಿಯ ಸಂದು ದಾಟುವಾಗ ದಬದಬ ಬಡಿಯುತ್ತದಲ್ಲ, ಅಲ್ಲಿ ಕೂರಿಸುವುದು ಈ ಎರಕವನ್ನೇ. ರೈಲ್ವೆಯವರು ಅದನ್ನು ಸಿಎಂಎಸ್ (ಕಾಸ್ಟ್ ಮ್ಯಾಂಗನೀಸ್ ಸ್ಟೀಲ್) ಕ್ರಾಸಿಂಗ್ ಅನ್ನುತ್ತಾರೆ. ಜಲ್ಲಿ ಕ್ರಷರ್‌ನ ಕಲ್ಲು ಅಗಿಯುವ ಜಾ ಪ್ಲೇಟ್ ಕೂಡ ಇದೇ ಉಕ್ಕು. ಕ್ರಷರ್ ಸದ್ದು ಕೇಳಿಯೇ ಬೆಳೆದ ಊರುಗಳು ನಮ್ಮಲ್ಲಿ ಎಷ್ಟಿವೆ! ಆ ಊರಿನವರಿಗೆ ಈ ಸಾಲು ಬೇಗ ಅರ್ಥವಾಗುತ್ತದೆ.

ಬಣ್ಣಗಳ ಫೋಟೊ

ಉತ್ಕರ್ಷಣ ಸ್ಥಿತಿಗಳ (ಪರಮಾಣು ಎಷ್ಟು ಎಲೆಕ್ಟ್ರಾನ್ ಬಿಟ್ಟುಕೊಟ್ಟಿದೆ ಅನ್ನುವ ಲೆಕ್ಕದ) ಪಟ್ಟಿ ಮೊದಲೇ ಇತ್ತು, ಆದರೆ ಪಟ್ಟಿ ನೋಡಿ ಯಾರಿಗೂ ಏನೂ ಕಾಣುವುದಿಲ್ಲ. ಪರಿಚಯದ ರಸಾಯನಶಾಸ್ತ್ರ ಮೇಷ್ಟ್ರೊಬ್ಬರನ್ನು ಕೇಳಿಕೊಂಡೆ. ಶಾಲೆಯ ಲ್ಯಾಬ್‌ನಲ್ಲಿ ಅವರೇ ಮಾಡಿ ತೋರಿಸಿದರು, ನಾನು ಫೋಟೊ ತೆಗೆದೆ.

ಬೀಕರಿನಲ್ಲಿ ನೀರು, ಅದಕ್ಕೆ ಸಕ್ಕರೆ ಮತ್ತು ಸ್ವಲ್ಪ ಕಾಸ್ಟಿಕ್ ಸೋಡಾ. ಮೇಲಿಂದ ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣ ಬಿದ್ದ ಕೂಡಲೇ ಕಡು ನೇರಳೆ. ನೋಡುತ್ತಿದ್ದ ಹಾಗೇ ನೀಲಿಯಾಯಿತು, ಆಮೇಲೆ ಹಸಿರು. ಕೊನೆಗೆ ಹಳದಿ ಮಿಶ್ರಿತ ಕಂದು. "ನೀಲಿ ಅನ್ನೋದು ಬೇರೆ ಪದಾರ್ಥ ಅಂತ ಬರೆದುಬಿಡಬೇಡಿ ಸರ್, ನೇರಳೆ ಹಸಿರು ಎರಡೂ ಒಟ್ಟಿಗೆ ಇರೋದರಿಂದ ಹಾಗೆ ಕಾಣೋದು" ಅಂದರು ಮೇಷ್ಟ್ರು. ಆ ಮಾತನ್ನು ಫೋಟೊದ ಅಡಿಬರಹಕ್ಕೇ ಹಾಕಿದೆ. ನೇರಳೆಯಲ್ಲಿ ಮ್ಯಾಂಗನೀಸ್ +7ರಲ್ಲಿದೆ, ಹಸಿರಿನಲ್ಲಿ +6, ಕಂದಿನಲ್ಲಿ +4. ಸಕ್ಕರೆ ಒಂದೊಂದೇ ಎಲೆಕ್ಟ್ರಾನ್ ಕೊಡುತ್ತಾ ಹೋದ ಹಾಗೆ ಬಣ್ಣ ಇಳಿಯುತ್ತದೆ. ಬಾವಿಗೆ ಪರ್ಮಾಂಗನೇಟ್ ಹಾಕುತ್ತಿದ್ದುದನ್ನು ಕಂಡವರಿಗೆ ಇದರ ಕೆಲಸವೂ ಇಲ್ಲೇ ತಿಳಿಯುತ್ತದೆ. ನೀರಿನಲ್ಲಿರುವ ಕೊಳೆಯಿಂದ ಅದು ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ.

ಹಳೇ ಟಾರ್ಚ್ ಸೆಲ್ ಒಡೆದರೆ ಕೈಗೆ ಮೆತ್ತುವ ಕಪ್ಪು ಪುಡಿಯ ಫೋಟೊವನ್ನೂ ಹಾಕಿದ್ದೇನೆ. ಅದರಲ್ಲಿ ಇಂಗಾಲದ ಜೊತೆ ಇರುವುದು ಮ್ಯಾಂಗನೀಸ್ ಡೈಆಕ್ಸೈಡ್. 1866ರ ಲೆಕ್ಲಾಂಶೆ ಸೆಲ್‌ನಿಂದ ಬಂದ ಪದ್ಧತಿ ಅದು.

ಸಂಡೂರು

ಚರ್ಚೆ ಪುಟದಲ್ಲಿ ಜಾಸ್ತಿ ಮಾತು ನಡೆದದ್ದು ಇದರ ಬಗ್ಗೆ. ಅನುಭವಿ ಸಂಪಾದಕರೊಬ್ಬರು ಬರೆದರು: "ಇದು ಮೂಲವಸ್ತುವಿನ ಲೇಖನ, ಊರಿನದ್ದಲ್ಲ. ದಕ್ಷಿಣ ಆಫ್ರಿಕಾದ ಕಲಹಾರಿಗೆ ಎರಡು ಸಾಲು, ಸಂಡೂರಿಗೆ ಮೂರು ಪ್ಯಾರಾ ಅಂದರೆ ತೂಕ ತಪ್ಪುತ್ತದೆ." ಅವರು ಹೇಳಿದ್ದು ನ್ಯಾಯ. ದೊಡ್ಡ ನಿಕ್ಷೇಪ ಕಲಹಾರಿಯದ್ದು. ಭಾರತದೊಳಗೂ ಬಾಲಾಘಾಟ್, ನಾಗಪುರ, ಭಂಡಾರಾ ಕಡೆಯ ಗಣಿಗಳಿಗೆ ಜಾಗ ಕೊಡಲೇಬೇಕು. ಹಾಗಾಗಿ ಸಂಡೂರು ಸಂಸ್ಥಾನದ ಘೋರ್ಪಡೆ ಮನೆತನ, 1954ರಲ್ಲಿ ಶುರುವಾದ ಗಣಿ ಕಂಪನಿ, 2011ರಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ಹಾಕಿದ ತಡೆ, ಇವನ್ನೆಲ್ಲ ಬೇರೆ ಲೇಖನಕ್ಕೆ ಸಾಗಿಸಿದೆ. ಕಲಹಾರಿಯ ಭಾಗವನ್ನೂ ಬೆಳೆಸಿದೆ.

ಒಂದನ್ನು ಮಾತ್ರ ಬಿಡಲಿಲ್ಲ. ಅದು ಸಂಡೂರಿನ ಭೂವಿಜ್ಞಾನ.

ಮ್ಯಾಂಗನೀಸ್ ಆಮ್ಲಜನಕ ಇಲ್ಲದ ನೀರಿನಲ್ಲಿ ಕರಗಿಯೇ ಇರುತ್ತದೆ. ಆಮ್ಲಜನಕ ಸಿಕ್ಕಿದರೆ ಕಪ್ಪು ಆಕ್ಸೈಡ್ ಆಗಿ ತಳಕ್ಕೆ ಇಳಿಯುತ್ತದೆ. ಕಬ್ಬಿಣಕ್ಕೆ ಹೋಲಿಸಿದರೆ ಇದನ್ನು ಹಾಗೆ ಇಳಿಸುವುದು ಕಷ್ಟ. ಭೂಮಿಯ ಗಾಳಿಯಲ್ಲಿ ಆಮ್ಲಜನಕ ಏರಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಸಂಡೂರಿನ ಶಿಲೆಗಳು ಅದಕ್ಕಿಂತ ಹಳೆಯವು, ಸುಮಾರು 270 ಕೋಟಿ ವರ್ಷ. ಹಾಗಿದ್ದರೆ ಅಲ್ಲಿ ಮ್ಯಾಂಗನೀಸ್ ತಳಕ್ಕೆ ಇಳಿದದ್ದು ಹೇಗೆ? ಅದೇ ಶಿಲಾಪಟ್ಟಿಯ ಸುಣ್ಣದ ಶಿಲೆಗಳಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳು ಸಿಕ್ಕಿವೆ. ಅಂದರೆ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ರಚನೆಗಳು. ಆಳವಿಲ್ಲದ ಕಡಲಿನಲ್ಲಿ ಅಂಥ ಜೀವಿಗಳು ಬಿಟ್ಟ ಆಮ್ಲಜನಕ ಅಲ್ಲಲ್ಲೇ ಸೇರಿರಬಹುದು ಅನ್ನುವುದು ಒಂದು ವಿವರಣೆ. ಈಗ ಅಗೆಯುವ ಅದಿರು ಆಮೇಲಿನ ಕಾಲದ ಮಳೆ ಬಿಸಿಲಿನ ಸವೆತದಿಂದ ಇನ್ನಷ್ಟು ಸಾಂದ್ರವಾದದ್ದು. ಈ ಎರಡು ಹಂತಗಳನ್ನು ಲೇಖನದಲ್ಲಿ ಬೇರೆ ಬೇರೆ ಇಟ್ಟಿದ್ದೇನೆ.

ಸಂಪಾದಕರು ಇದನ್ನು ಓದಿ "ಇದು ಇರಲಿ" ಅಂದರು. ತುಂಬಾ ಖುಷಿಯಾಯಿತು.

ಈ ಅದಿರಿನಲ್ಲಿ ಕಬ್ಬಿಣ ಹೆಚ್ಚು, ರಂಜಕ ಕಡಿಮೆ. ರಂಜಕ ಉಕ್ಕನ್ನು ಪೆಡಸು ಮಾಡುತ್ತದೆ, ಹಾಗಾಗಿ ಕೊಳ್ಳುವವರಿಗೆ ಇದು ಬೇಕು. ಇದೊಂದು ಸಾಲನ್ನು ಉಕ್ಕಿನ ಭಾಗಕ್ಕೆ ಕೊಂಡಿ ಹಾಕಿ ಉಳಿಸಿಕೊಂಡೆ.

ಎಲೆಯ ಒಳಗೆ

ಹಳೆಯ ಲೇಖನದಲ್ಲಿ "ಎಲೆಯ ಹಸಿರಿನಲ್ಲಿ ಮ್ಯಾಂಗನೀಸ್ ಇದೆ" ಅಂತ ಒಂದು ಸಾಲಿತ್ತು. ಕ್ಲೋರೊಫಿಲ್ ನಡುವೆ ಇರುವುದು ಮೆಗ್ನೀಸಿಯಂ. ಆ ಸಾಲು ತೆಗೆದೆ. ಆದರೆ ಎಲೆಯಲ್ಲಿ ಮ್ಯಾಂಗನೀಸ್‌ಗೆ ಬೇರೆ ಕೆಲಸ ಇದೆ, ಅದೂ ಸಣ್ಣದಲ್ಲ. ನೀರನ್ನು ಒಡೆದು ಆಮ್ಲಜನಕ ಬಿಡುವ ಜಾಗದಲ್ಲಿ ನಾಲ್ಕು ಮ್ಯಾಂಗನೀಸ್ ಮತ್ತು ಒಂದು ಕ್ಯಾಲ್ಸಿಯಂ ಪರಮಾಣು ಆಮ್ಲಜನಕದ ಸೇತುವೆಗಳಿಂದ ಕೂಡಿಕೊಂಡಿವೆ. ಈ ಗುಂಪಿನ ರಚನೆಯನ್ನು 2011ರಲ್ಲಿ ಜಪಾನಿನ ಸಂಶೋಧಕರು ಬಹಳ ಸ್ಪಷ್ಟವಾಗಿ ತೋರಿಸಿದರು. ಬೆಳಕು ಬಿದ್ದಾಗಲೆಲ್ಲ ಈ ಗುಂಪು ಒಂದೊಂದೇ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ನಾಲ್ಕು ಬಿಟ್ಟ ಮೇಲೆ ಎರಡು ನೀರಿನ ಅಣು ಒಡೆದು ಒಂದು ಆಮ್ಲಜನಕದ ಅಣು ಹೊರಬರುತ್ತದೆ. ಬೀಕರಿನಲ್ಲಿ ಬಣ್ಣ ಬದಲಿಸಿದ ಗುಣವೇ ಇಲ್ಲಿ ನಾವು ಉಸಿರಾಡುವ ಗಾಳಿಯನ್ನು ಮಾಡುತ್ತಿದೆ. ಇದಕ್ಕಾಗಿಯೇ ಈ ಭಾಗವನ್ನು ಕೃಷಿ, ಗೊಬ್ಬರ ಎಂಬ ತಲೆಬರಹದ ಕೆಳಗಿಂದ ಎತ್ತಿ ಮೇಲೆ ತಂದೆ.

ಕಡಲ ತಳ

ಇದಿನ್ನೂ ಕರಡು. ಆಲೂಗಡ್ಡೆಯಂಥ ಕಪ್ಪು ಮ್ಯಾಂಗನೀಸ್ ಗಂಟುಗಳು ಆಳ ಸಾಗರದ ತಳದಲ್ಲಿ ಬಿದ್ದಿವೆ. ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತವೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಗವೇಷಣಿ ಹಡಗು 1981ರ ಜನವರಿಯಲ್ಲಿ ಅರಬ್ಬೀ ಸಮುದ್ರದಿಂದ ಇವನ್ನು ಎತ್ತಿತು. ಹಿಂದೂ ಮಹಾಸಾಗರದಲ್ಲಿ ಇವುಗಳ ಅನ್ವೇಷಣೆಗೆಂದು ಭಾರತಕ್ಕೆ 75,000 ಚದರ ಕಿಲೋಮೀಟರ್ ಪ್ರದೇಶ ಇದೆ. ಗಂಟನ್ನು ಕೊಯ್ದಾಗ ಕಾಣುವ ಪದರಗಳ ಒಳ್ಳೆಯ ಚಿತ್ರ ಸಿಕ್ಕ ಮೇಲೆ ಮುಗಿಸುತ್ತೇನೆ.

ಬಾಕಿ ಇರುವುದು

ಆರೋಗ್ಯದ ಭಾಗ ಮುಖ್ಯ. ಅದಿರಿನ ದೂಳು ಮತ್ತು ವೆಲ್ಡಿಂಗ್ ಹೊಗೆ ಬಹಳ ಕಾಲ ಒಳಗೆ ಹೋದರೆ ನರಗಳಿಗೆ ತೊಂದರೆ. ನಡಿಗೆ ಬದಲಾಗುತ್ತದೆ, ಪಾರ್ಕಿನ್ಸನ್ ಕಾಯಿಲೆಯಂತೆಯೇ ಕಾಣುತ್ತದೆ. 1837ರಲ್ಲೇ ಸ್ಕಾಟ್ಲೆಂಡಿನ ಕೂಪರ್ ಎಂಬ ವೈದ್ಯರು ಅದಿರು ಪುಡಿ ಮಾಡುವ ಕಾರ್ಮಿಕರಲ್ಲಿ ಇದನ್ನು ಗುರುತಿಸಿದ್ದರು. ವೆಲ್ಡಿಂಗ್ ಶಾಪ್‌ನ ಹುಡುಗರು ಓದಬೇಕಾದ ಭಾಗ ಇದು, ಹಾಗಾಗಿ ಅಂದಾಜಿನ ಮೇಲೆ ಬರೆಯಲು ಮನಸ್ಸಿಲ್ಲ. ನರರೋಗ ತಜ್ಞರು ಯಾರಾದರೂ ಕರಡು ನೋಡಿ ಕೊಡುವುದಾದರೆ ಚರ್ಚೆ ಪುಟದಲ್ಲಿ ಒಂದು ಸಾಲು ಹಾಕಿ. ಸಂಡೂರು ಅದಿರಿನ ಹತ್ತಿರದ ಫೋಟೊ ಮುಕ್ತ ಪರವಾನಗಿಯಲ್ಲಿ ಕೊಡಬಲ್ಲವರೂ ಬೇಕು. ಪಕ್ಕದಲ್ಲಿ ಅಳತೆಗೆ ಒಂದು ರೂಪಾಯಿ ನಾಣ್ಯ ಇಟ್ಟು ತೆಗೆದರೆ ಸಾಕು.